ಪರದೇಶದಲ್ಲಿ ಇಂಗ್ಲಿಷ್ ಟೀಚರ್ ಕೆಲಸ: ಏಜೆನ್ಸಿಗೆ ದುಡ್ಡು ಕಟ್ಟುವ ಮೊದಲು

ನನ್ನ ಕಪಾಟಿನಲ್ಲಿ ಒಂದು ರಸೀದಿ ಇನ್ನೂ ಇದೆ. ‘ಡಾಕ್ಯುಮೆಂಟೇಶನ್ ಚಾರ್ಜ್ 45,000’ ಅಂತ ಬಾಲ್‌ಪೆನ್ನಿನಲ್ಲಿ ಗೀಚಿ, ಕೆಳಗೊಂದು ರಬ್ಬರ್ ಸ್ಟ್ಯಾಂಪ್ ಒತ್ತಿದ ಹಾಳೆ. ಜಿಎಸ್‌ಟಿ ನಂಬರಿಲ್ಲ, ಲೈಸನ್ಸ್ ನಂಬರಿಲ್ಲ, ಯಾವ ದೇಶಕ್ಕೆ, ಯಾವ ಕೆಲಸಕ್ಕೆ ಎಂಬ ಸುದ್ದಿಯೇ ಇಲ್ಲ. ಡೊಂಬಿವಲಿಯಿಂದ ಲೋಕಲ್ ಹಿಡಿದು, ದಾದರಿನಲ್ಲಿ ಬದಲಿಸಿ ಅಂಧೇರಿಗೆ ಹೋಗಿ, ಥಾಯ್ಲೆಂಡಿನಲ್ಲಿ ಟೀಚರ್ ಕೆಲಸಕ್ಕೆಂದು ಅಮ್ಮನ ಬಳೆ ಅಡವಿಟ್ಟ ದುಡ್ಡನ್ನು ಎಣಿಸಿ ಕೊಟ್ಟು ಬಂದಿದ್ದೆ. ಬಿ.ಎಡ್. ಮಾಡಿದವಳು, ಮಕ್ಕಳ ಉತ್ತರಪತ್ರಿಕೆಯಲ್ಲಿ ಅಲ್ಪವಿರಾಮ ತಪ್ಪಿದರೂ ಕೆಂಪು ಗೆರೆ ಎಳೆಯುವವಳು, ಆ ರಸೀದಿಯನ್ನು ಎರಡನೇ ಸಲ ಓದಿ ನೋಡಲಿಲ್ಲ.

ಈಗ ಕೇಳಿಕೊಂಡು ಬರುವವರು ಬಹಳ. ಸಂಘದ ಕಾರ್ಯಕ್ರಮ ಮುಗಿದು ಊಟದ ಸಾಲಿನಲ್ಲಿ ನಿಂತಿದ್ದಾಗ ಯಾರಾದರೂ ಪಕ್ಕಕ್ಕೆ ಬಂದು, “ಅಕ್ಕ, ಥಾಯ್ಲೆಂಡಿಗೆ ಟೀಚರ್ ಬೇಕಂತೆ, ಏಜೆಂಟ್ ಒಂದು ಲಕ್ಷ ಕೇಳ್ತಿದ್ದಾನೆ, ಕೊಡಬಹುದಾ?” ಎನ್ನುತ್ತಾರೆ. ಪುಣೆಯಿಂದ, ಗೋವಾದ ವಾಸ್ಕೋದಿಂದ ಫೋನ್ ಬರುತ್ತದೆ. ಕೈಯಲ್ಲಿ ಹೋಳಿಗೆ ಹಿಡಿದುಕೊಂಡು ಹೇಳುವ ಉತ್ತರ ಅರ್ಧಂಬರ್ಧವಾಗುತ್ತದೆ. ಅದಕ್ಕೇ ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

1. ನಿಮ್ಮ ಪಾಸ್‌ಪೋರ್ಟಿಗೆ ಯಾವ ದೇಶದ ಬಾಗಿಲು ತೆರೆದಿದೆ, ಅದನ್ನು ನೋಡಿ

ಏಜೆಂಟ್ ಒಳ್ಳೆಯವನೋ ಕೆಟ್ಟವನೋ ಎಂಬುದು ಆಮೇಲಿನ ಮಾತು. ಇಂಗ್ಲಿಷ್ ಕಲಿಸುವ ಕೆಲಸದಲ್ಲಿ ನಿಮ್ಮ ಇಂಗ್ಲಿಷ್‌ಗಿಂತ ಮೊದಲು ಪಾಸ್‌ಪೋರ್ಟ್ ನೋಡುತ್ತಾರೆ. ದಕ್ಷಿಣ ಕೊರಿಯಾದಲ್ಲಿ ಭಾಷಾ ಬೋಧಕರಿಗೆ ಕೊಡುವ ಇ-2 ವೀಸಾ ಇಂಗ್ಲಿಷ್ ಮಟ್ಟಿಗೆ ಏಳೇ ದೇಶದವರಿಗೆ: ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ. 2010ರಲ್ಲಿ ಜಾರಿಗೆ ಬಂದ ಭಾರತ–ಕೊರಿಯಾ ಆರ್ಥಿಕ ಒಪ್ಪಂದದಲ್ಲಿ ನಮಗೂ ಒಂದು ಕಿಂಡಿ ಇಟ್ಟಿದ್ದಾರೆ, ಆದರೆ ಅದು ಶಾಲೆಗಳಲ್ಲಿ ಸಹಾಯಕ ಶಿಕ್ಷಕರಾಗಲು, ಅದೂ ಶಿಕ್ಷಕ ಅರ್ಹತೆ ಇದ್ದವರಿಗೆ. ಅಲ್ಲಿನ ಖಾಸಗಿ ಟ್ಯೂಷನ್ ಕೇಂದ್ರಕ್ಕೆ ಕಳಿಸುತ್ತೇನೆ ಎಂದು ಯಾರಾದರೂ ಹೇಳಿದರೆ ಮಾತು ಅಲ್ಲಿಗೇ ನಿಲ್ಲಿಸಿ.

ಚೀನಾದಲ್ಲೂ ಸಾಮಾನ್ಯವಾಗಿ ಇದೇ ನಿಯಮ. ಅಲ್ಲಿ ಕೆಲಸಕ್ಕೆ ಬೇಕಾದದ್ದು ಝಡ್ ವೀಸಾ. ಏಜೆಂಟ್ ‘ಬಿಸಿನೆಸ್ ವೀಸಾದಲ್ಲಿ ಹೋಗಿ, ಅಲ್ಲಿ ನಮ್ಮ ಸೆಟಿಂಗ್ ಇದೆ’ ಎನ್ನುತ್ತಾನೆ. ಸಿಕ್ಕಿಬಿದ್ದರೆ ದಂಡ 5,000ದಿಂದ 20,000 ಯುವಾನ್, ಪ್ರಕರಣ ಗಂಭೀರ ಎನಿಸಿದರೆ 5ರಿಂದ 15 ದಿನ ಬಂಧನ. ಕಟ್ಟುವವರು ನೀವು, ಕೂರುವವರೂ ನೀವೇ. 2021ರಲ್ಲಿ ಚೀನಾ ಸರಕಾರ ಶಾಲಾಮಕ್ಕಳ ಲಾಭದ ಟ್ಯೂಷನ್ ಧಂಧೆಯನ್ನೇ ಹಿಡಿದು ಅಲುಗಾಡಿಸಿದ ಮೇಲೆ ಅಲ್ಲಿ ಮೊದಲಿದ್ದ ಬೇಡಿಕೆಯೂ ಉಳಿದಿಲ್ಲ.

ಜಪಾನಿನ ಬೋಧಕ ವೀಸಾಗೆ ಇಂಗ್ಲಿಷ್ ಮಾಧ್ಯಮದಲ್ಲಿ 12 ವರ್ಷ ಓದಿದ ದಾಖಲೆ ಕೇಳುತ್ತಾರೆ. ಮುಂಬಯಿ ಪಾಲಿಕೆಯ ಕನ್ನಡ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿ, ಆಮೇಲೆ ಇಂಗ್ಲಿಷ್ ಎಂ.ಎ. ಮಾಡಿದವರು ನಮ್ಮಲ್ಲಿ ಎಷ್ಟು ಜನ! ಅವರ ಲೆಕ್ಕ ಇಲ್ಲಿ ತಪ್ಪುತ್ತದೆ. ಪುಣೆಯಲ್ಲಿ ಜಪಾನಿ ಕಲಿತ ಹುಡುಗರಿಗೆ ಜಪಾನಿನಲ್ಲಿ ಇಂಗ್ಲಿಷ್ ಕಲಿಸುವುದಕ್ಕಿಂತ ಬೇರೆ ಕೆಲಸದ ದಾರಿಯೇ ಸುಲಭ ಎಂದು ನನ್ನ ಅನಿಸಿಕೆ. ಇನ್ನು ಗೋವಾದಲ್ಲಿ ಕೆಲವರು, ‘ನನ್ನ ಗಂಡನದು ಪೋರ್ಚುಗೀಸ್ ಪಾಸ್‌ಪೋರ್ಟ್, ನಮಗೆ ತೊಂದರೆಯಿಲ್ಲ’ ಎನ್ನುತ್ತಾರೆ. ಪೋರ್ಚುಗಲ್ ಆ ಏಳು ದೇಶಗಳ ಪಟ್ಟಿಯಲ್ಲಿ ಇಲ್ಲ.

ಹಾಗಾದರೆ ನಮಗೆ ಉಳಿದದ್ದು? ಥಾಯ್ಲೆಂಡ್, ವಿಯೆಟ್ನಾಂ, ಕೊಲ್ಲಿ ದೇಶಗಳು. ಥಾಯ್ಲೆಂಡಿನಲ್ಲಿ ನಾನ್-ಇಮಿಗ್ರಂಟ್ ಬಿ ವೀಸಾ, ಕೆಲಸದ ಪರವಾನಗಿ, ಶಿಕ್ಷಕರ ಮಂಡಳಿಯ ಲೈಸನ್ಸು ಅಥವಾ ತಾತ್ಕಾಲಿಕ ಅನುಮತಿ, ಮೂರೂ ಬೇಕು. ನಮ್ಮಂಥವರು ಇಂಗ್ಲಿಷ್ ಪರೀಕ್ಷೆಯ ಅಂಕವನ್ನೂ ತೋರಿಸಬೇಕು. ಕೊಲ್ಲಿಯಲ್ಲಿ ಸಿಬಿಎಸ್‌ಇ ಶಾಲೆಗಳೇ ಸಾಕಷ್ಟಿವೆ. ಬಿ.ಎಡ್. ಇದ್ದವರಿಗೆ ನಾನು ಮೊದಲು ತೋರಿಸುವ ದಾರಿ ಅದೇ. ಮಸ್ಕತ್ತಿನ ಸಿಬಿಎಸ್‌ಇ ಶಾಲೆ ಎಂದರೆ ಕೇಳಲು ರೋಮಾಂಚನವಿಲ್ಲ, ನಿಜ. ಆದರೆ ಅಲ್ಲಿ ನಿಮ್ಮ ಬಿ.ಎಡ್.ಗೆ ಬೆಲೆ ಇದೆ, ನಿಮ್ಮ ಬಣ್ಣ, ಉಚ್ಚಾರಣೆ ನೋಡಿ ಸಂಬಳ ಇಳಿಸುವವರು ಕಡಿಮೆ.

2. ಏಜೆನ್ಸಿಯ ಅನ್ನ ಎಲ್ಲಿಂದ ಬರುತ್ತದೆ?

ಈ ಲೇಖನದಲ್ಲಿ ಒಂದೇ ಭಾಗ ಓದುವ ವ್ಯವಧಾನವಿದ್ದರೆ ಇದನ್ನು ಓದಿ. ಏಜೆನ್ಸಿಯವರು ಎಷ್ಟು ನಗುಮುಖದವರು, ಆಫೀಸಿನಲ್ಲಿ ಎಸಿ ಇದೆಯೇ, ಗೋಡೆಯ ಮೇಲೆ ಎಷ್ಟು ದೇಶದ ಬಾವುಟಗಳಿವೆ ಎನ್ನುವುದರಿಂದ ಏನೂ ತಿಳಿಯುವುದಿಲ್ಲ. ದುಡ್ಡು ಯಾರ ಜೇಬಿನಿಂದ, ಯಾವಾಗ ಬರುತ್ತದೆ ಎಂದು ತಿಳಿದರೆ ಅವರು ಯಾವಾಗ ಕೈಕೊಡುತ್ತಾರೆ ಎಂಬುದೂ ತಿಳಿಯುತ್ತದೆ.

ಕೆಲವರಿಗೆ ಶಾಲೆ ದುಡ್ಡು ಕೊಡುತ್ತದೆ, ಒಬ್ಬ ಟೀಚರಿಗೆ ಇಷ್ಟು ಎಂದು, ಒಂದು ಸಲ. ಇವರು ನಿಮ್ಮಿಂದ ಏನೂ ಕೇಳುವುದಿಲ್ಲ, ಅದಕ್ಕೇ ನಮಗೆ ದೇವರ ಹಾಗೆ ಕಾಣುತ್ತಾರೆ. ಆದರೆ ಅವರ ಗಿರಾಕಿ ಶಾಲೆ. ನೀವು ಅವರು ತಲುಪಿಸುವ ಸಾಮಾನು. ಯಾರೂ ಹೋಗಲೊಪ್ಪದ ಶಾಲೆಗೆ ಜನ ಬೇಕಾದಾಗ ‘ಪಟ್ಟಣದಿಂದ ಸ್ವಲ್ಪ ದೂರ’ ಎನ್ನುತ್ತಾರೆ. ಹೋಗಿ ನೋಡಿದರೆ ಬಸ್ಸು ದಿನಕ್ಕೆರಡು. ನೀವು ಅಲ್ಲಿ ನೆಲೆಸಿದರೆ ಸಾಕು, ಅವರ ದುಡ್ಡು ಅವರಿಗೆ ಬಂದಾಯಿತು. ಆಮೇಲೆ ಫೋನ್ ಎತ್ತುವುದಿಲ್ಲ.

ಇನ್ನು ಕೆಲವರು ನಿಮ್ಮನ್ನು ತಾವೇ ಕೆಲಸಕ್ಕಿಟ್ಟುಕೊಂಡು ಶಾಲೆಗೆ ಬಾಡಿಗೆಗೆ ಕಳಿಸುತ್ತಾರೆ. ಥಾಯ್ಲೆಂಡಿನಲ್ಲಿ ಇದು ತುಂಬಾ ನಡೆಯುತ್ತದೆ. ಶಾಲೆ ಏಜೆನ್ಸಿಗೆ ಕೊಡುವುದು ಒಂದು ಮೊತ್ತ, ನಿಮ್ಮ ಕೈಗೆ ಬರುವುದು ಬೇರೆ, ನಡುವಿನದು ಪ್ರತಿ ತಿಂಗಳೂ ಅವರಿಗೆ. ನನ್ನದೂ ಇದೇ ಕತೆ. ಒಪ್ಪಂದ 10 ತಿಂಗಳದ್ದು. ಮಾರ್ಚಿನಲ್ಲಿ ಶಾಲೆ ಮುಗಿದು ಮೇ ತಿಂಗಳಲ್ಲಿ ಮತ್ತೆ ತೆರೆಯುವವರೆಗೆ ಸಂಬಳವಿಲ್ಲ ಎಂಬುದು ನನಗೆ ಗೊತ್ತಾದದ್ದು ಮಾರ್ಚಿನಲ್ಲೇ. ಬಾಡಿಗೆ ಕೋಣೆಗೆ, ಊಟಕ್ಕೆ ರಜೆಯಿದೆಯೇ? ಸ್ಟಾಫ್ ರೂಮಿನಲ್ಲಿ ಫಿಲಿಪೀನ್ಸಿನ ಒಬ್ಬ ಟೀಚರ್ ಇದ್ದಳು. ನೇರವಾಗಿ ಶಾಲೆಯ ಜೊತೆ 12 ತಿಂಗಳ ಒಪ್ಪಂದ ಮಾಡಿಕೊಂಡವಳು. ಅದೇ ಕ್ಲಾಸು, ಅದೇ ಪಾಠ, ಅವಳಿಗೆ ರಜೆಯಲ್ಲೂ ಸಂಬಳ.

ಮೂರನೆಯವರು ನಿಮ್ಮಿಂದಲೇ ದುಡ್ಡು ತೆಗೆದುಕೊಳ್ಳುವವರು. ಮುಂಬಯಿಯ ಅಂಧೇರಿ, ದಾದರ್ ಕಡೆಯ ಆಫೀಸುಗಳಲ್ಲಿ, ಪುಣೆಯ ‘ಓವರ್‌ಸೀಸ್ ಕನ್ಸಲ್ಟೆನ್ಸಿ’ ಬೋರ್ಡುಗಳ ಹಿಂದೆ ಹೆಚ್ಚಾಗಿ ಇರುವವರು ಇವರು. ಇವರಿಗೆ ನೀವು ವಿಮಾನ ಹತ್ತುವುದೇ ವ್ಯಾಪಾರದ ಕೊನೆ. ಕೆಲವೊಮ್ಮೆ ಹತ್ತದಿದ್ದರೂ ನಡೆಯುತ್ತದೆ. ಇವರಲ್ಲಿ ಇತ್ತೀಚೆಗೆ ಒಂದು ಜಾಣತನ ಹೆಚ್ಚಾಗಿದೆ: ಕೆಲಸ ಕೊಡಿಸುತ್ತೇವೆ ಎಂದು ದುಡ್ಡು ಕೇಳುವುದೇ ಇಲ್ಲ. 120 ಗಂಟೆಯ ಇಂಗ್ಲಿಷ್ ಬೋಧನಾ ಕೋರ್ಸ್ ಮಾರುತ್ತಾರೆ, ‘ಪ್ಲೇಸ್‌ಮೆಂಟ್ ಗ್ಯಾರಂಟಿ’ ಉಚಿತ. ಕೆಲಸ ಸಿಗದಿದ್ದರೆ, ‘ನೀವು ಕಟ್ಟಿದ್ದು ಕೋರ್ಸ್ ಫೀ, ಸರ್ಟಿಫಿಕೇಟ್ ಕೊಟ್ಟಿದ್ದೇವಲ್ಲ’ ಎನ್ನುತ್ತಾರೆ. ಕೋರ್ಸ್ ಬೇಕಿದ್ದರೆ ಕೋರ್ಸ್ ಅಂತಲೇ ನೋಡಿ ಆರಿಸಿ. ಕೇಂಬ್ರಿಜ್‌ನ ಸೆಲ್ಟಾದಂಥ ಕೋರ್ಸಿನಲ್ಲಿ ನಿಜವಾದ ವಿದ್ಯಾರ್ಥಿಗಳ ಮುಂದೆ ಆರು ಗಂಟೆ ಪಾಠ ಮಾಡಿಸಿ ನೋಡುತ್ತಾರೆ. ಮೊಬೈಲಿನಲ್ಲಿ ಒಂದು ವಾರಾಂತ್ಯದಲ್ಲಿ ಮುಗಿಸಿದ ಸರ್ಟಿಫಿಕೇಟನ್ನು ಅದರ ಪಕ್ಕದಲ್ಲಿಡಲಾಗದು.

ಅದಕ್ಕೇ ಮೊದಲ ಭೇಟಿಯಲ್ಲೇ ನೇರವಾಗಿ ಕೇಳಿ: “ಸರ್, ನಿಮಗೆ ದುಡ್ಡು ಕೊಡುವವರು ಯಾರು, ನಾನೋ ಶಾಲೆಯೋ? ನನ್ನ ಒಪ್ಪಂದದಲ್ಲಿ ಮಾಲೀಕರು ಯಾರು, ನೀವೋ ಶಾಲೆಯೋ?” ನೆಟ್ಟಗೆ ಉತ್ತರಿಸುವವರಿದ್ದಾರೆ. ತಡವರಿಸುವವರ ಹತ್ತಿರ ಚಹಾ ಕುಡಿದು ಎದ್ದು ಬನ್ನಿ.

3. ಲೈಸನ್ಸ್ ನೋಡುವುದು ಹೇಗೆ

ಭಾರತದಿಂದ ಪರದೇಶದ ಕೆಲಸಕ್ಕೆ ಜನ ಕಳಿಸುವವರು 1983ರ ಎಮಿಗ್ರೇಶನ್ ಕಾಯ್ದೆಯಡಿ ನೋಂದಣಿ ಮಾಡಿಸಿರಬೇಕು. ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಂದಾಯಿತ ಏಜೆಂಟರ ಪಟ್ಟಿ ಇದೆ, ಯಾರು ಬೇಕಾದರೂ ಹುಡುಕಬಹುದು. ಮುಂಬಯಿಯ ಏಜೆಂಟರ ಲೈಸನ್ಸ್ ನಂಬರಿನಲ್ಲಿ ‘ಎಂಯುಎಂ’ ಎಂಬ ಮೂರು ಅಕ್ಷರ ಇರುತ್ತದೆ. ನಂಬರ್ ಕೇಳಿ, ಬರೆದುಕೊಳ್ಳಿ, ಮನೆಗೆ ಬಂದು ನೋಡಿ: ಹೆಸರು ಅದೇನಾ, ವಿಳಾಸ ನೀವು ಕೂತು ಬಂದ ಆಫೀಸಿನದೇನಾ, ಲೈಸನ್ಸ್ ಇನ್ನೂ ಚಾಲ್ತಿಯಲ್ಲಿದೆಯಾ.

ಗೋಡೆಯ ಮೇಲೆ ಚೌಕಟ್ಟು ಹಾಕಿ ತೂಗುಹಾಕಿದ್ದು ಬಹಳ ಸಲ ಗುಮಾಸ್ತಾ ಲೈಸನ್ಸ್ ಆಗಿರುತ್ತದೆ. ಅದು ಅಂಗಡಿ ಇಡಲು ಬೇಕಾದ ಕಾಗದ. ನಮ್ಮ ಹೋಟೆಲುಗಳಲ್ಲೂ ಗಲ್ಲಾದ ಹಿಂದೆ ಅದೇ ತೂಗುತ್ತಿರುತ್ತದೆ; ಇಡ್ಲಿ ಮಾರುವವರು ಅದನ್ನು ತೋರಿಸಿ ಯಾರನ್ನೂ ದುಬೈಗೆ ಕಳಿಸುವುದಿಲ್ಲ. ಐಎಸ್‌ಒ ಸರ್ಟಿಫಿಕೇಟೂ ಹಾಗೆಯೇ.

ಇನ್ನೊಂದು ಆಟ, ಲೈಸನ್ಸ್ ಬಾಡಿಗೆ. ನಂಬರ್ ಅಸಲಿ, ಆದರೆ ಬೇರೆ ಕಂಪನಿಯದು. ಇದನ್ನು ಹಿಡಿಯಲು ರಸೀದಿ ಯಾರ ಹೆಸರಲ್ಲಿದೆ, ದುಡ್ಡು ಯಾರ ಖಾತೆಗೆ ಹೋಗುತ್ತದೆ ಎಂದು ನೋಡಿದರೆ ಸಾಕು. ಊರ ಕಡೆಯ ಪರಿಚಯದವರೊಬ್ಬರು ‘ಅಂಧೇರಿ ಆಫೀಸಿನ ನಮ್ಮ ಜನ’ ಎಂದು ಮನೆಗೇ ಬಂದು ಪಾಸ್‌ಪೋರ್ಟ್, ದುಡ್ಡು ಸಂಗ್ರಹಿಸುತ್ತಾರಲ್ಲ, ಅಂಥ ಸಬ್-ಏಜೆಂಟರಿಗೆ ಕಾನೂನಿನಲ್ಲಿ ಜಾಗವಿಲ್ಲ. ಅವರು ನಮ್ಮ ಮದುವೆ ಮುಂಜಿಗೆ ಬರುವವರು, ಕೇಳಲು ನಾಲಿಗೆ ಬರುವುದಿಲ್ಲ, ನನಗೆ ಗೊತ್ತು. “ಅಣ್ಣ, ನಾನೇ ಆಫೀಸಿಗೆ ಹೋಗಿ ಕೊಡ್ತೇನೆ” ಎಂದರೆ ಸಾಕು, ಜಗಳವಾಗುವುದಿಲ್ಲ.

ಹತ್ತನೇ ತರಗತಿ ಪಾಸಾದವರಿಗೆ ಎಮಿಗ್ರೇಶನ್ ಕ್ಲಿಯರೆನ್ಸ್ (ಕೆಲಸಕ್ಕೆ ಪರದೇಶಕ್ಕೆ ಹೋಗಲು ಸರಕಾರದ ಅನುಮತಿ) ಬೇಕಾಗಿಲ್ಲ, ಆದ್ದರಿಂದ ಟೀಚರುಗಳಿಗೆ ಈ ಕಾಯ್ದೆಯೇ ಅನ್ವಯಿಸುವುದಿಲ್ಲ ಎಂದು ನನ್ನ ಏಜೆಂಟ್ ಹೇಳಿದ್ದ. ಮೊದಲರ್ಧ ಸರಿ. ನಿಮಗೆ ಕ್ಲಿಯರೆನ್ಸ್ ಬೇಡ ಎಂದಮಾತ್ರಕ್ಕೆ ಅವನಿಗೆ ಲೈಸನ್ಸ್ ಬೇಡ ಎಂದಾಗುವುದಿಲ್ಲ.

4. ದುಡ್ಡು

ನೋಂದಾಯಿತ ಏಜೆಂಟ್ ನಿಮ್ಮಿಂದ ತೆಗೆದುಕೊಳ್ಳಬಹುದಾದ ಸೇವಾಶುಲ್ಕದ ಮಿತಿ 30,000 ರೂಪಾಯಿ. 18% ಜಿಎಸ್‌ಟಿ ಸೇರಿಸಿದರೆ 35,400. ಫೈಲ್ ಓಪನಿಂಗ್, ಸೀಟ್ ಬ್ಲಾಕ್, ಇಂಟರ್‌ವ್ಯೂ ಕೋಆರ್ಡಿನೇಶನ್ ಎಂದು ಹೆಸರು ಬದಲಾಯಿಸಿ ಅದೇ ಕೆಲಸಕ್ಕೆ ಮತ್ತೆ ಮತ್ತೆ ಕೀಳುವುದು ಮಿತಿ ದಾಟುವ ಉಪಾಯ. ದುಬೈ ಕಡೆ ಹೋಗುವವರಿಗೆ ಇನ್ನೊಂದು ವಿಷಯ: 2022ರ ಫೆಬ್ರವರಿಯಿಂದ ಜಾರಿಯಲ್ಲಿರುವ ಯುಎಇ ಕಾರ್ಮಿಕ ಕಾನೂನಿನ ಪ್ರಕಾರ ನೇಮಕಾತಿಯ ಖರ್ಚನ್ನು ಕೆಲಸಗಾರರ ಮೇಲೆ ಹಾಕುವಂತಿಲ್ಲ. ‘ವೀಸಾ ಚಾರ್ಜ್ ಸಂಬಳದಲ್ಲಿ ಕಟ್ ಆಗುತ್ತೆ’ ಎಂದವರಿಗೆ ಇದನ್ನು ನೆನಪಿಸಿ.

ನಗದು ಕೊಡಬೇಡಿ. ಬ್ಯಾಂಕಿನಿಂದ ಕಂಪನಿ ಖಾತೆಗೇ ಹಾಕಿ; ಮಾಲೀಕನ ಹೆಂಡತಿಯ ಯುಪಿಐಗೆ ಬೇಡ. ಒಂದೇ ಕಂತಿನಲ್ಲಿ ಪೂರ್ತಿ ಕಟ್ಟಬೇಡಿ, ಆಫರ್ ಲೆಟರ್ ಬಂದ ಮೇಲೆ ಸ್ವಲ್ಪ, ಕೆಲಸದ ವೀಸಾ ಬಂದ ಮೇಲೆ ಉಳಿದದ್ದು. ರಸೀದಿಯಲ್ಲಿ ದೇಶ, ಶಾಲೆ, ಹುದ್ದೆ, ಯಾವುದಕ್ಕೆ ಎಷ್ಟು, ಕೆಲಸ ಆಗದಿದ್ದರೆ ಎಷ್ಟು ದಿನದಲ್ಲಿ ವಾಪಸ್, ಎಲ್ಲ ಬರೆಸಿಕೊಳ್ಳಿ.

5. ಶಾಲೆಗೆ ನೀವೇ ಫೋನ್ ಮಾಡಿ, ಒಪ್ಪಂದ ಕೂತು ಓದಿ

ಏಜೆಂಟ್ ಕೊಟ್ಟ ನಂಬರಿಗಲ್ಲ. ಶಾಲೆಯ ಹೆಸರು ಹಾಕಿ ನೀವೇ ಹುಡುಕಿದ ನಂಬರಿಗೆ. ಇಂಥ ಹುದ್ದೆ ಇದೆಯೇ, ಇಂಥ ಏಜೆನ್ಸಿ ಗೊತ್ತೇ, ಇದಿಷ್ಟೇ ಕೇಳಿ. ಅಲ್ಲಿ ಈಗಾಗಲೇ ಕಲಿಸುತ್ತಿರುವ ಒಬ್ಬ ಪರದೇಶಿ ಟೀಚರ್ ಜೊತೆ ಮಾತಾಡಿಸಿ ಎಂದೂ ಕೇಳಿ. ‘ಶಾಲೆಯ ಹೆಸರು ಗುಟ್ಟು, ವೀಸಾ ಆದ ಮೇಲೆ ಹೇಳ್ತೇವೆ’ ಎಂದರೆ ಅಲ್ಲಿ ಶಾಲೆಯೇ ಇಲ್ಲದಿರಬಹುದು, ಇಲ್ಲವೇ ನೀವು ಹೆಸರು ಕೇಳಿದರೆ ಓಡಿಹೋಗುವಂಥ ಶಾಲೆ ಇರಬಹುದು.

ಒಪ್ಪಂದದಲ್ಲಿ ಎಲ್ಲರೂ ಮೊದಲು ಸಂಬಳ ನೋಡುತ್ತಾರೆ, ನಾನೂ ನೋಡಿದ್ದೆ. ಈಗ ಕೇಳಿದರೆ ಕೊನೆಯ ಪುಟದಿಂದ ಓದಲು ಶುರುಮಾಡಿ ಎನ್ನುತ್ತೇನೆ, ಬಿಟ್ಟುಬರುವಾಗಿನ ಷರತ್ತು ಅಲ್ಲಿರುತ್ತದೆ. ಎಷ್ಟು ದಿನದ ನೋಟಿಸ್, ಮಧ್ಯದಲ್ಲಿ ಬಿಟ್ಟರೆ ದಂಡ ಎಷ್ಟು, ಅವರು ತೆಗೆದುಹಾಕಿದರೆ ವಾಪಸ್ ಟಿಕೆಟ್ ಯಾರದು, ಬೇರೆ ಶಾಲೆಗೆ ಹೋಗಲು ಬಿಡುಗಡೆ ಪತ್ರ ಕೊಡುತ್ತಾರೆಯೇ. ಆಮೇಲೆ ಗಂಟೆಗಳ ಲೆಕ್ಕ. ‘ವಾರಕ್ಕೆ 20 ಗಂಟೆ’ ಎಂದರೆ ಪಾಠದ ಗಂಟೆ; ಬೆಳಿಗ್ಗೆ ಗೇಟಿನಲ್ಲಿ ನಿಂತು ಮಕ್ಕಳಿಗೆ ‘ಗುಡ್ ಮಾರ್ನಿಂಗ್’ ಹೇಳುವುದು, ಶನಿವಾರದ ಇಂಗ್ಲಿಷ್ ಕ್ಯಾಂಪು ಅದರಲ್ಲಿ ಸೇರಿರುವುದಿಲ್ಲ. 10 ತಿಂಗಳೋ 12 ತಿಂಗಳೋ, ರಜೆಯ ಸಂಬಳ, ಮನೆ, ವಿಮೆ, ಮೊದಲ ಸಂಬಳ ಯಾವ ತಾರೀಖಿಗೆ. ಬಾಯಿಮಾತಿನಲ್ಲಿ ಒಪ್ಪಿದ್ದನ್ನು ಅದೇ ರಾತ್ರಿ ಇಮೇಲ್ ಮಾಡಿ: ‘ಇವತ್ತು ನೀವು ಹೀಗೆ ಹೇಳಿದಿರಿ, ನಾನು ಸರಿಯಾಗಿ ಅರ್ಥಮಾಡಿಕೊಂಡಿದ್ದೇನೆ ತಾನೇ?’ ಉತ್ತರ ಬಂದರೆ ಅದೊಂದು ದಾಖಲೆ. ಬಾರದಿದ್ದರೂ ನೀವು ಕೇಳಿದ್ದಕ್ಕೆ ದಾಖಲೆ ಇದೆ.

ಎರಡು ಭಾಷೆಯ ಒಪ್ಪಂದವಾದರೆ ಯಾವ ಭಾಷೆಯದು ಕೊನೆಗೆ ನಿಲ್ಲುತ್ತದೆ ಎಂದು ನೋಡಿ. ನನ್ನದರಲ್ಲಿ ಥಾಯ್ ಪ್ರತಿಯೇ ಅಂತಿಮ ಎಂದಿತ್ತು. ಆ ಪ್ರತಿಯಲ್ಲಿ ನನಗೆ ಓದಲು ಬರುತ್ತಿದ್ದದ್ದು ನನ್ನ ಸಹಿ ಒಂದೇ.

6. ಕಾಗದಪತ್ರ

ಪೊಲೀಸ್ ಕ್ಲಿಯರೆನ್ಸ್, ಅಂದರೆ ನಿಮ್ಮ ಮೇಲೆ ಪೊಲೀಸ್ ಕೇಸಿಲ್ಲ ಎಂಬ ಪತ್ರ, ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲೇ ಸಿಗುತ್ತದೆ, ಸರಕಾರಿ ಶುಲ್ಕ 500 ರೂಪಾಯಿ. ಏಜೆಂಟ್ ಇದಕ್ಕೆ 6,000 ಹೇಳಿದರೆ ಅದು ಅವನ ಊಟದ ಖರ್ಚು. ಡಿಗ್ರಿಗೆ ಮೊದಲು ರಾಜ್ಯ ಸರಕಾರದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್, ಅಂದರೆ ಕಾಗದ ಅಸಲಿ ಎಂದು ಬೇರೆ ದೇಶಕ್ಕೆ ತೋರಿಸುವ ಮುದ್ರೆ. ಯುಎಇ, ಕತಾರ್, ಕುವೈತ್‌ಗಳಿಗೆ ಅಪೊಸ್ಟಿಲ್ ಸಾಲದು, ಆ ದೇಶದ ದೂತಾವಾಸದ ಮುದ್ರೆ ಬೇಕು. ನಮ್ಮವರು ಎಡವುವುದು ಇಲ್ಲಿ: ಡಿಗ್ರಿ ಧಾರವಾಡದ್ದೋ ಮಂಗಳೂರಿನದೋ ಆಗಿದ್ದರೆ ರಾಜ್ಯದ ದೃಢೀಕರಣ ಕರ್ನಾಟಕದಲ್ಲೇ ಆಗಬೇಕು, ನೀವು ಮೂವತ್ತು ವರ್ಷದಿಂದ ಮುಂಬಯಿಯಲ್ಲಿದ್ದರೂ ಸರಿ. ಊರಿಗೆ ಹೋಗುವ ರಜೆಯ ಜೊತೆಗೇ ಇದನ್ನು ಜೋಡಿಸಿಕೊಳ್ಳಿ.

ಮೂಲ ಪಾಸ್‌ಪೋರ್ಟ್, ಮೂಲ ಡಿಗ್ರಿ ಏಜೆಂಟನ ಕಪಾಟಿನಲ್ಲಿ ಇರಕೂಡದು. 1967ರ ಪಾಸ್‌ಪೋರ್ಟ್ ಕಾಯ್ದೆಯಲ್ಲೇ ಇದೆ, ಪಾಸ್‌ಪೋರ್ಟ್ ಕೇಂದ್ರ ಸರಕಾರದ ಸ್ವತ್ತು. ವೀಸಾ ಸ್ಟ್ಯಾಂಪಿಂಗಿಗೆ ಕೊಡಬೇಕಾದಾಗ ಬರೆಸಿಕೊಂಡು ಕೊಡಿ, ತಾರೀಖು ಹಾಕಿಸಿ. ‘ಬೇರೆ ಕಡೆ ಅಪ್ಲೈ ಮಾಡಬಾರದಲ್ಲ, ಅದಕ್ಕೇ ಇಟ್ಟುಕೊಳ್ತೇವೆ’ ಎಂದು ನಗುತ್ತಾ ಹೇಳುವುದನ್ನು ಕೇಳಿದ್ದೇನೆ. ಅದು ಒತ್ತೆ.

7. ಟೂರಿಸ್ಟ್ ವೀಸಾದಲ್ಲಿ ಹತ್ತಬೇಡಿ

ನಾನು ಹತ್ತಿದ್ದೆ. ‘ಅಲ್ಲಿ ಹೋಗಿ ಕನ್ವರ್ಟ್ ಮಾಡ್ತಾರೆ’ ಎಂದಿದ್ದರು. ಎರಡು ತಿಂಗಳು ಶಾಲೆಗೆ ಇನ್‌ಸ್ಪೆಕ್ಟರ್ ಬಂದಾಗಲೆಲ್ಲ ನನ್ನನ್ನು ಲೈಬ್ರರಿಯಲ್ಲಿ ಕೂರಿಸುತ್ತಿದ್ದರು. ಥಾಯ್ಲೆಂಡ್ 2024ರ ಜುಲೈಯಲ್ಲಿ ಭಾರತೀಯರಿಗೆ 60 ದಿನ ವೀಸಾ ಇಲ್ಲದೆ ಬರಲು ಬಿಟ್ಟಿತಲ್ಲ, ಆಗಿನಿಂದ ಈ ಮಾತು ಇನ್ನೂ ಸುಲಭವಾಗಿ ಮಾರಾಟವಾಗುತ್ತಿದೆ. ಪರವಾನಗಿ ಇಲ್ಲದೆ ಕೆಲಸ ಮಾಡಿದರೆ 5,000ದಿಂದ 50,000 ಬಾತ್ ದಂಡ, ಗಡೀಪಾರು, ಎರಡು ವರ್ಷ ಹೊಸ ಪರವಾನಗಿ ಇಲ್ಲ.

ಅದಕ್ಕಿಂತ ಭಯದ್ದು ಒಂದಿದೆ. ಬ್ಯಾಂಕಾಕಿನಲ್ಲಿ ಕೆಲಸ ಎಂದು ಕರೆಸಿ, ಗಡಿ ದಾಟಿಸಿ ಮ್ಯಾನ್ಮಾರಿನ ಮ್ಯಾವಡಿಯಲ್ಲಿ ಆನ್‌ಲೈನ್ ವಂಚನೆಯ ಕೇಂದ್ರಗಳಲ್ಲಿ ಕೂಡಿಹಾಕುವ ಜಾಲದ ಬಗ್ಗೆ ನಮ್ಮ ವಿದೇಶಾಂಗ ಸಚಿವಾಲಯ 2022ರ ಸೆಪ್ಟೆಂಬರಿನಲ್ಲೇ ಎಚ್ಚರಿಕೆ ಕೊಟ್ಟಿತ್ತು. ಅವರಿಗೆ ಬೇಕಾದದ್ದು ಇಂಗ್ಲಿಷ್ ಬಲ್ಲ, ಕಂಪ್ಯೂಟರ್ ಗೊತ್ತಿರುವ ಹುಡುಗ ಹುಡುಗಿಯರು. ಕೆಲಸದ ಹೆಸರು ಏನೇ ಇರಲಿ, ಡೆಮೊ ಪಾಠ ಕೇಳದೆ ಟೀಚರನ್ನು ತೆಗೆದುಕೊಳ್ಳುವ, ಟಿಕೆಟ್ ತಾವೇ ಕಳಿಸುವ, ವಿಮಾನ ನಿಲ್ದಾಣದಿಂದ ಕಾರಿನಲ್ಲಿ ದೂರದ ಊರಿಗೆ ಕರೆದೊಯ್ಯುವ ‘ಶಾಲೆ’ಯನ್ನು ನಂಬಬೇಡಿ. ಮನೆಯವರ ಹತ್ತಿರ ಶಾಲೆಯ ವಿಳಾಸ, ಒಪ್ಪಂದದ ಪ್ರತಿ, ವೀಸಾ ಪುಟದ ಫೋಟೋ ಬಿಟ್ಟು ಹೋಗಿ.

8. ಕೈಕೊಟ್ಟರೆ

ಪರದೇಶದಲ್ಲಿದ್ದಾಗಲೇ ತೊಂದರೆಯಾದರೆ ಭಾರತೀಯ ದೂತಾವಾಸ, ಇಲ್ಲವೇ ವಿದೇಶಾಂಗ ಸಚಿವಾಲಯ ದೂರು ತೆಗೆದುಕೊಳ್ಳುವ ಮದದ್ ಜಾಲತಾಣ. ಊರಿನಿಂದ ಮನೆಯವರು ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ 1800-11-3090ಕ್ಕೆ ಫೋನ್ ಮಾಡಬಹುದು. ಆನ್‌ಲೈನಿನಲ್ಲಿ ದುಡ್ಡು ಹೋಗಿದ್ದರೆ ಅದೇ ಗಳಿಗೆಯಲ್ಲಿ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ನಾಳೆ ನೋಡೋಣ ಎಂದರೆ ಖಾತೆ ಖಾಲಿಯಾಗಿರುತ್ತದೆ.

ಇಲ್ಲಿನ ಏಜೆಂಟ್ ವಿರುದ್ಧ ಇ-ಮೈಗ್ರೇಟ್‌ನಲ್ಲಿ ದೂರು ಕೊಡಿ. ಪರದೇಶಕ್ಕೆ ಕೆಲಸಕ್ಕೆ ಹೋಗುವವರ ಹಿತ ನೋಡುವ ಸರಕಾರಿ ಅಧಿಕಾರಿ, ಪ್ರೊಟೆಕ್ಟರ್ ಆಫ್ ಎಮಿಗ್ರಂಟ್ಸ್ ಅವರ ಕಚೇರಿಯೂ ಮುಂಬಯಿಯಲ್ಲಿ ಇದೆ. ಪೊಲೀಸ್ ಠಾಣೆಯಲ್ಲಿ ‘ಇದು ಸಿವಿಲ್ ಮ್ಯಾಟರ್’ ಎಂದು ಕಳಿಸಲು ನೋಡುತ್ತಾರೆ. ವಂಚನೆಗೆ ಈಗ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಂ ಇದೆ, ಲೈಸನ್ಸ್ ಇಲ್ಲದೆ ಜನ ಕಳಿಸಿದ್ದಕ್ಕೆ ಎಮಿಗ್ರೇಶನ್ ಕಾಯ್ದೆ ಇದೆ. ಎರಡನ್ನೂ ಅರ್ಜಿಯಲ್ಲೇ ಬರೆದುಕೊಂಡು ಹೋಗಿ, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡೇ ಬನ್ನಿ. ಇದರ ಜೊತೆಗೆ ಜಿಲ್ಲಾ ಗ್ರಾಹಕ ಆಯೋಗ. 5 ಲಕ್ಷದವರೆಗಿನ ದೂರಿಗೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಹಾಕಬೇಕು, ವಕೀಲರಿಲ್ಲದೆ ನೀವೇ ವಾದಿಸಬಹುದು.

ನೋಟಿಸ್ ಹೋದ ಮೇಲೆ ಏಜೆಂಟರು ಸಾಮಾನ್ಯವಾಗಿ ರಾಜಿಗೆ ಬರುತ್ತಾರೆ. ನನ್ನವನೂ ಬಂದ, ಕುರ್ಚಿ ಎಳೆದು ಕೂರಿಸಿ ವಡಾಪಾವ್ ತರಿಸಿದ, ಮುಂದಿನ ತಾರೀಖಿನ ಮೂರು ಚೆಕ್ ಕೊಟ್ಟ. ಇಂಥ ಚೆಕ್ ತೆಗೆದುಕೊಳ್ಳುವಾಗ ದೂರು ಹಿಂಪಡೆಯುವ ಕಾಗದಕ್ಕೆ ಸಹಿ ಮಾಡಬೇಡಿ, ಕೊನೆಯ ಚೆಕ್ ಪಾಸಾದ ಮೇಲೆ ಮಾಡುತ್ತೇನೆ ಎನ್ನಿ. ‘ಬ್ಯಾಂಕಿಗೆ ಹಾಕುವ ಮೊದಲು ಒಂದು ಫೋನ್ ಮಾಡಿ ಮೇಡಂ’ ಎನ್ನುತ್ತಾನೆ. ತಾರೀಖು ಬಂದ ದಿನವೇ ಹಾಕಿ, ಫೋನ್ ಮಾಡಿದರೆ ಇನ್ನೊಂದು ವಾರ ಕೇಳುತ್ತಾನೆ. ಬೌನ್ಸ್ ಆದರೆ ಬ್ಯಾಂಕಿನ ಮೆಮೊ ಬಂದ 30 ದಿನದೊಳಗೆ ಲಿಖಿತ ನೋಟಿಸ್ ಕಳಿಸಬೇಕು. ಅದು ತಲುಪಿ 15 ದಿನದಲ್ಲಿ ದುಡ್ಡು ಬಾರದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ಕೋರ್ಟಿನಲ್ಲಿ ದೂರು. ನನ್ನ ಮೊದಲೆರಡು ಚೆಕ್ ಪಾಸಾದವು. ಮೂರನೆಯದು ಬೌನ್ಸ್ ಆಯಿತು, ಮೆಮೊ ಕೈಗೆ ಬಂದಾಗ ನಾನು ಅಣ್ಣನ ಮಗಳ ಮದುವೆಗೆ ಕುಂದಾಪುರದಲ್ಲಿದ್ದೆ, ತಿರುಗಿ ಬಂದು ವಕೀಲರ ಹತ್ತಿರ ಹೋದಾಗ ಮೂವತ್ತೆರಡನೇ ದಿನ.